ಆರು ಅಂಕದ ಉತ್ತರ

ಆಗಸ್ಟ್ 17

ಬೈಂಡರ್ ಮಾಮನವರಿಗೆ,

ಸಾರಿ. ಈ ಪತ್ರ ಬರೆಯುತ್ತಿರುವುದಕ್ಕೇ ಮೊದಲು ಸಾರಿ. ಫೋನ್ ಮಾಡೋಣವೆಂದು ನಾಲ್ಕು ಸಲ ನಂಬರ್ ಒತ್ತಿ, ರಿಂಗ್ ಆಗುವ ಮೊದಲೇ ಕಟ್ ಮಾಡಿದೆ. ಫೋನಿನಲ್ಲಾದರೆ ನೀವು "ಏನಮ್ಮ ಗೈಡಮ್ಮ" ಎಂದು ನಗುತ್ತೀರಿ, ನಾನು ಮಾತು ಬದಲಿಸಿ ತಪ್ಪಿಸಿಕೊಳ್ಳುತ್ತೇನೆ. ಇದನ್ನು ಅತ್ತೆ ಓದಿ ಹೇಳುತ್ತಾರೆಂದು ಗೊತ್ತು. ಅತ್ತೆ, ನನ್ನ ಕೋಳಿಕಾಲಿನ ಅಕ್ಷರಕ್ಕಾಗಿ ನಿಮಗೂ ಒಂದು ಸಾರಿ.

ಇಲ್ಲಿ ಕಾಲೇಜು ಶುರುವಾಗಿ ಏಳು ವಾರವಾಯಿತು. ಹಾಸ್ಟೆಲ್ ರೂಮಿನಲ್ಲಿ ನಾವು ಮೂವರು. ಉಳಿದಿಬ್ಬರು ಮನೆ ನೆನೆಸಿಕೊಂಡು ಅಳುತ್ತಾರೆ. ನಾನು ಏಳನೇ ವಯಸ್ಸಿನಿಂದ ಹಾಸ್ಟೆಲ್‌ನಲ್ಲೇ ಇದ್ದವಳು, ಬಕೆಟ್‌ಗೆ ಕ್ಯೂ ನಿಲ್ಲುವುದು, ಬೀಗ ಹಾಕಿ ಎರಡು ಸಲ ಎಳೆದು ನೋಡುವುದು ಎಲ್ಲ ರೂಢಿ. ಆದರೂ ಮೊನ್ನೆ ಯಾರೋ ಪಕ್ಕದ ರೂಮಿನಲ್ಲಿ ಇಸ್ತ್ರಿ ಮಾಡುತ್ತಿದ್ದರು. ಆ ಬಿಸಿ ಬಟ್ಟೆಯ ವಾಸನೆಗೆ ನಿಮ್ಮ ಹಿಂದಿನ ವರಾಂಡ ಕಣ್ಣ ಮುಂದೆ ಬಂತು. ಒಂದು ಕಡೆ ಲಾಂಡ್ರಿಯಿಂದ ತಂದ ಶರ್ಟುಗಳ ಮೇಲೆ ಅತ್ತೆಯ ಇಸ್ತ್ರಿಪೆಟ್ಟಿಗೆ, ಇನ್ನೊಂದು ಕಡೆ ನಿಮ್ಮ ಅಂಟಿನ ಡಬ್ಬಿ, ದಬ್ಬಣ, ರಟ್ಟಿನ ರಾಶಿ, ನಡುವೆ ಸ್ಟೂಲಿನ ಮೇಲೆ ನಾನು. ಎರಡೇ ತಿಂಗಳ ರಜೆ. ಆದರೂ.

ಚಿಕ್ಕಮ್ಮ ನನ್ನನ್ನು ಗ್ರಂಥಾಲಯಕ್ಕೆ ಎಳೆದುಕೊಂಡು ಬಂದ ದಿನದ ಕಥೆ ನಿಮಗೆ ಪೂರ್ತಿ ಹೇಳಿಲ್ಲ. ಬಾಗಿಲ ಪಕ್ಕದ ಬೋರ್ಡಿನಲ್ಲಿ ಚೀಟಿಗಳಿದ್ದವು. ಆಸ್ಪತ್ರೆಯಲ್ಲಿ ಒಂಟಿ ರೋಗಿಗಳ ಜತೆ ಕೂರುವವರು ಬೇಕು. ದಾನ ಬಂದ ಬಟ್ಟೆ ವಿಂಗಡಿಸುವವರು ಬೇಕು. ಕಣ್ಣು ಕಾಣದವರಿಗೆ ಓದಿ ಹೇಳುವವರು, ಪರೀಕ್ಷೆಯಲ್ಲಿ ಬರೆದುಕೊಡುವವರು ಬೇಕು. ನಾನು ಬಟ್ಟೆ ವಿಂಗಡಿಸುತ್ತೇನೆ, ಬಟ್ಟೆ ಮಾತಾಡುವುದಿಲ್ಲ ಎಂದೆ. ಚಿಕ್ಕಮ್ಮ, "ಮಾತಾಡೋದು ಕಲೀಲಿ ಅಂತಾನೇ ಕರ್ಕೊಂಡು ಬಂದಿರೋದು ಕಣೇ, ಸುಮ್ನೆ ನಿಂತ್ಕೋ" ಎಂದು ಕೊನೆಯ ಚೀಟಿಯ ಕೆಳಗೆ ನನ್ನ ಹೆಸರು ತಾವೇ ಬರೆದುಬಿಟ್ಟರು. ಒಳಗೆ ಮೂಲೆಯ ಮೇಜಿನಲ್ಲಿ ಕೂತು, ಒಂದು ಪೈಸೆ ತೆಗೆದುಕೊಳ್ಳದೆ ಹರಿದ ಪುಸ್ತಕ ಹೊಲಿಯುತ್ತಿದ್ದಿರಿ ನೀವು. ನಾನು ಸಹಾಯ ಮಾಡಲು ಬಂದೆ ಎಂದರೆ, "ಸರಿ, ಮೊದ್ಲು ಆ ದಾರ ಕೊಡು" ಎಂದಿರಿ.

ಇಲ್ಲಿಯೂ ಕಾಲೇಜಿನಲ್ಲಿ ವರ್ಷಕ್ಕೆ ಅರವತ್ತು ಗಂಟೆ ಸೇವೆ ಕಡ್ಡಾಯ. ಅದಕ್ಕೂ ಅಟೆಂಡೆನ್ಸ್ ಇದೆ! ನನಗೆ ಸಿಕ್ಕಿದ್ದು ದಾನ ಬಂದ ಪುಸ್ತಕಗಳ ಕೋಣೆ. ಜನ ಅಟ್ಟ ಖಾಲಿ ಮಾಡಿ ಪೆಟ್ಟಿಗೆಗಟ್ಟಲೆ ತಂದು ಸುರಿಯುತ್ತಾರೆ. ಹಳೆಯ ಡೈರಿ, ಸ್ಟೌವಿನ ಜತೆ ಬರುವ ಪುಸ್ತಿಕೆ, ಯಾರದೋ ಮಾರ್ಕ್ಸ್ ಕಾರ್ಡ್ ಕೂಡ. ಅದರಲ್ಲಿ ಮಕ್ಕಳ ಪುಸ್ತಕ ಆರಿಸಿ, ಹರಿದದ್ದಕ್ಕೆ ಹೊಸ ರಟ್ಟು ಹಾಕಿ ಶಾಲೆಗಳಿಗೆ ಕಳಿಸಬೇಕು. ರಟ್ಟು ಹಾಕಲು ಯಾರಿಗೆ ಬರುತ್ತದೆ ಎಂದು ಕೇಳಿದಾಗ ಜೀವನದಲ್ಲಿ ಮೊದಲ ಸಲ ಕೈ ಎತ್ತಿದೆ ಮಾಮ.

(ಇಲ್ಲಿಂದ ಮೂರನೇ ಹಾಳೆ. ಅತ್ತೆ, ದಯವಿಟ್ಟು ನಿಧಾನವಾಗಿ ಓದಿ.)

ನಲವತ್ತು ಪುಸ್ತಕಕ್ಕೆ ರಟ್ಟು ಹಾಕಿದೆ. ರಜೆಯಲ್ಲಿ ನಿಮಗೆ ದಿನಾ ಓದಿ ಹೇಳುತ್ತಿದ್ದ ಬೈಂಡಿಂಗ್ ಪರೀಕ್ಷೆಯ ಗೈಡ್ ನನಗೆ ಬಾಯಿಪಾಠವಾಗಿತ್ತಲ್ಲ, ಅದರಲ್ಲಿದ್ದ ಹಾಗೆಯೇ ಮಾಡಿದೆ: "ಬಿಗಿ ಬರಲು ಕಾಗದದ ಎಳೆ ಪುಸ್ತಕದ ಬೆನ್ನಿಗೆ ಅಡ್ಡವಾಗಿರಬೇಕು." ಮರುದಿನ ನೋಡಿದರೆ ನಲವತ್ತೂ ರಟ್ಟು ಮೇಲೆದ್ದು ಬಾಯಿ ತೆರೆದುಕೊಂಡಿದ್ದವು. ಒಂದೂ ಮುಚ್ಚಲೊಲ್ಲದು. ಅಟೆಂಡರ್ ಬಂದು ನೋಡಿ, "ಇದೇನಮ್ಮ, ಎಲ್ಲಾ ಆಕಳಿಸ್ತಾ ಕೂತಿವೆ" ಎಂದರು. ಒಂದು ಹಾಳೆ ತೆಗೆದು ಎರಡೂ ಕಡೆ ಬಾಗಿಸಿ ತೋರಿಸಿದರು. ಯಾವ ಕಡೆ ಸಲೀಸಾಗಿ ಬಾಗುತ್ತದೋ ಅದು ಎಳೆಯ ದಿಕ್ಕು. ಅದು ಬೆನ್ನಿನ ಉದ್ದಕ್ಕೇ ಇರಬೇಕು, ಬೇರೆ ಮಾತೇ ಇಲ್ಲ ಎಂದರು.

ಮಾಮ, ತರಬೇತಿ ಶಾಲೆಯ ಬೈಂಡಿಂಗ್ ಮೇಷ್ಟ್ರ ಕೆಲಸದ ಪರೀಕ್ಷೆಯಲ್ಲಿ, ಹನ್ನೊಂದನೇ ಪ್ರಶ್ನೆಗೆ ನೀವು ಹೇಳಿದ್ದು ಅದನ್ನೇ. "ಬರಿ. ಎಳೆ ಬೆನ್ನಿನ ಉದ್ದಕ್ಕೆ ಇರ್ಬೇಕು. ರಟ್ಟು, ಹೊದಿಕೆ, ಒಳಹಾಳೆ, ಮೂರೂ." ನಾನು ಪೆನ್ನು ಹಿಡಿದು ನಿಂತೆ. ಗೈಡಿನ ಸಾಲು ಕಣ್ಣ ಮುಂದೆ ಇತ್ತು. ಟೆನ್ಷನ್‌ನಲ್ಲಿ ಮಾಮ ಮರೆತಿದ್ದಾರೆ, ಪಾಪ, ಆರು ಅಂಕ ಹೋಗುತ್ತದೆ ಎನಿಸಿತು. "ಅಡ್ಡ" ಎಂದು ಬರೆದೆ. ನೀವು "ಬರೆದ್ಯಾ?" ಎಂದಿರಿ. ನಾನು "ಹೂಂ" ಎಂದೆ.

ಹೇಳಿದ್ದನ್ನೇ ಬರೆಯಬೇಕು, ಒಂದಕ್ಷರ ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ ಎಂದು ಗ್ರಂಥಾಲಯದಲ್ಲಿ ಮೊದಲ ದಿನವೇ ಹೇಳಿಕೊಟ್ಟಿದ್ದರು. ನಾನು ಸಹಿ ಕೂಡ ಹಾಕಿದ್ದೆ.

ನೀವು ನಾಲ್ಕು ಅಂಕದಲ್ಲಿ ಫೇಲಾದಿರಿ ಎಂದು ಚಿಕ್ಕಮ್ಮ ಹೇಳಿದಾಗ ನಾನು ಏನಂದುಕೊಂಡೆ ಗೊತ್ತೇ? ನಾನು ಅಷ್ಟು ಸಹಾಯ ಮಾಡಿದರೂ ಪಾಸಾಗಲಿಲ್ಲವಲ್ಲ ಎಂದುಕೊಂಡೆ. ಇದನ್ನು ಬರೆಯುವಾಗ ನಾಚಿಕೆಯಾಗುತ್ತಿದೆ. ಫೇಲಾದದ್ದು ನೀವಲ್ಲ.

ಕ್ಷಮಿಸಿ ಎಂದು ಕೇಳಲು ಧೈರ್ಯವಿಲ್ಲ.

ಇಂತಿ,
ನೀವು ಗೈಡಮ್ಮ ಎಂದು ಕರೆಯುತ್ತಿದ್ದವಳು


ಆಗಸ್ಟ್ 29

ಮಗೂ,

ಇದು ನಾನೇ, ಅತ್ತೆ, ಬರೀತಿರೋದು. ಮಾಮಂಗೆ ಗೊತ್ತಿಲ್ಲ. ಲಾಂಡ್ರಿ ಕೌಂಟರಿನಲ್ಲಿ ಕೂತು ಬಿಲ್ಲಿನ ಹಿಂದೆ ಬರೀತಿದ್ದೀನಿ, ತಪ್ಪಿದ್ದರೆ ತಿದ್ಕೊಂಡು ಓದು.

ನಿನ್ನ ಪತ್ರ ಬಂತು. ಅವರು ತಲೆದಿಂಬು ಒರಗಿಸ್ಕೊಂಡು ಕೂತು, "ಓದು ಓದು, ಗೈಡಮ್ಮ ಏನಂತಾಳೆ" ಅಂದರು. ಎರಡು ಹಾಳೆ ಓದಿದೆ. ಬಟ್ಟೆ ಮಾತಾಡಲ್ಲ ಅಂದಿದ್ದಕ್ಕೆ ಕೆಮ್ಮು ಬರೋವಷ್ಟು ನಕ್ಕರು. ಫಲಿತಾಂಶ ಬಂದ ಮೇಲೆ ಅವರು ನಕ್ಕಿದ್ದು ಅದೇ ಮೊದಲು. ಮೂರನೇ ಹಾಳೆ ಶುರು ಮಾಡೋ ಹೊತ್ತಿಗೆ ನನ್ನ ಕಣ್ಣು ನಾಲ್ಕು ಸಾಲು ಮುಂದೆ ಓಡಿತ್ತು. "ಅಷ್ಟೇ ಕಣ್ರೀ, ಕ್ಷೇಮವಾಗಿದಾಳಂತೆ" ಅಂತ ಮಡಚಿಬಿಟ್ಟೆ.

ನಿನ್ನ ಮೇಲೆ ಕೋಪ ಇಲ್ಲ ಅಂತ ಸುಳ್ಳು ಹೇಳಲ್ಲ. ಎರಡು ದಿನ ಇತ್ತು. ಮೂರನೇ ದಿನ ಯಾರದೋ ಶರ್ಟಿನ ಕಾಲರ್ ಸುಟ್ಟೆ, ಆಮೇಲೆ ಹೋಯಿತು.

ಈಗ ವಿಷಯ ಕೇಳು. ಡಿಸೆಂಬರಿನಲ್ಲಿ ಇನ್ನೊಂದು ಸಲ ಪರೀಕ್ಷೆ ಇಡ್ತಾರಂತೆ. ಅವರು ಬರೀತೀನಿ ಅಂತಿದ್ದಾರೆ. "ಆದ್ರೆ ಬರೆಯೋಕೆ ಆ ಹುಡುಗೀನೇ ಬರ್ಬೇಕು, ಬೇರೆಯವರ ಕೈ ಮೇಲೆ ನನಗೆ ನಂಬಿಕೆ ಇಲ್ಲ" ಅಂತಿದ್ದಾರೆ. ಕಣ್ಣು ಹೋದ ಈ ಮೂರು ವರ್ಷದಲ್ಲಿ ಅವರು ನಂಬಿರೋದು ಎರಡೇ ಜನಾನ. ನಾನೊಬ್ಬಳು, ನೀನೊಬ್ಬಳು. ಆ ಹಾಳೆ ಓದಿ ಹೇಳಿದ್ರೆ ಪರೀಕ್ಷೆ ಫಾರಂ ಹರಿದು ಹಾಕ್ತಾರೆ. ಕಣ್ಣು ಹೋಯಿತು ಅಂತ ಪ್ರೆಸ್ಸಿನವರು ಬೈಂಡಿಂಗ್ ಕೆಲಸ ಬಿಡಿಸಿ ಮನೆಗೆ ಕಳಿಸಿದಾಗ ಅವರು ಹೇಗಿದ್ದರು ಅಂತ ನೀನು ನೋಡಿಲ್ಲ, ನಾನು ನೋಡಿದೀನಿ.

ದಿನಾ ಸಂಜೆ ನನ್ನ ಕೈಲಿ ಆ ಗೈಡ್ ಓದಿಸ್ಕೊಳ್ತಾರೆ. ಗ್ರಂಥಾಲಯಕ್ಕೆ ಹೋಗೋದು ನಿಲ್ಲಿಸಿದ್ದಾರೆ. "ಇಷ್ಟು ವರ್ಷ ಕೈಗೆ ಗೊತ್ತಿತ್ತು ಅಂದ್ಕೊಂಡಿದ್ದೆಲ್ಲ ತಪ್ಪೇ ಇರ್ಬೇಕು ಕಣೇ, ಇಲ್ದಿದ್ರೆ ಯಾಕೆ ಫೇಲ್ ಮಾಡ್ತಾರೆ? ಈ ಸಲ ಪುಸ್ತಕದಲ್ಲಿ ಇರೋದನ್ನೇ ಹೇಳ್ತೀನಿ" ಅಂತಾರೆ. ಎಳೆ ಅಡ್ಡ, ಎಳೆ ಅಡ್ಡ ಅಂತ ಬಾಯಿಪಾಠ ಮಾಡ್ತಾರೆ. ಕೇಳೋಕೆ ಸಂಕಟ ಆಗುತ್ತೆ, ಆದರೂ ಓದ್ತಾ ಇದ್ದಾರಲ್ಲ ಅಂತ ಸಮಾಧಾನ.

ಮತ್ತೆ ಆ ಮಾತು ಎತ್ತಬೇಡ ಮಗೂ. ನಿನ್ನ ಮನಸ್ಸು ಹಗುರ ಮಾಡ್ಕೊಳ್ಳೋಕೆ ಅವರ ಮನಸ್ಸು ಭಾರ ಮಾಡಬೇಡ. ಚೆನ್ನಾಗಿ ಊಟ ಮಾಡು.

ನಿನ್ನ ಅತ್ತೆ


ಸೆಪ್ಟೆಂಬರ್ 16

(ಅತ್ತೆಗೆ ಮಾತ್ರ, ಪಾರ್ಸೆಲ್ಲಿನ ಮೇಲೆ ಅಂಟಿಸಿದ ಚೀಟಿ)

ಅತ್ತೆ, ನಿಮ್ಮ ಮಾತು ಕೇಳಬೇಕೆಂದು ಎರಡು ವಾರ ತುಂಬಾ ಟ್ರೈ ಮಾಡಿದೆ. ಊಟ ಸೇರುತ್ತಿಲ್ಲ. ನನ್ನ ಹಳೆಯ ಹಾಸ್ಟೆಲ್‌ನಲ್ಲಿ ಪ್ರತಿ ಭಾನುವಾರ ಮನೆಗೆ ಪತ್ರ ಬರೆಸುತ್ತಿದ್ದರು. ಪೋಸ್ಟಿಗೆ ಹಾಕುವ ಮೊದಲು ವಾರ್ಡನ್ ಓದಿ, ಅಪ್ಪ ಅಮ್ಮನಿಗೆ ಬೇಜಾರಾಗುವ ಸಾಲುಗಳ ಮೇಲೆ ಇಂಕು ಬಳಿಯುತ್ತಿದ್ದರು. ಒಳ್ಳೆಯ ಮನಸ್ಸಿನಿಂದಲೇ. ಅಪ್ಪನಿಗೆ ಊರೂರು ತಿರುಗುವ ಕೆಲಸ, ಚಿಂತೆ ಯಾಕೆ ಎಂದು. ಅದಕ್ಕೇ ಹನ್ನೊಂದು ವರ್ಷ ನಾನು ಅಲ್ಲಿ ಖುಷಿಯಾಗಿದ್ದೆ ಎಂದೇ ಅವರು ಇವತ್ತಿಗೂ ನಂಬಿದ್ದಾರೆ.

ಮಾಮ ನನ್ನನ್ನು ನಂಬದಿದ್ದರೂ ಪರವಾಗಿಲ್ಲ. ಅವರ ಕೈಯನ್ನೇ ಅವರು ನಂಬದ ಹಾಗೆ ಮಾಡಿದ್ದು ನಾನು. ಡಿಸೆಂಬರಿನಲ್ಲಿ ಅವರು ಅದೇ ತಪ್ಪನ್ನು ತಮ್ಮ ಬಾಯಲ್ಲೇ ಹೇಳಿಬಿಡುತ್ತಾರೆ.

ಈ ಪಾರ್ಸೆಲ್ಲಿನೊಳಗೆ ನೀವು ಬಿಟ್ಟು ಓದಬೇಕಾದ ಒಂದು ಸಾಲೂ ಇಲ್ಲ. ದಯವಿಟ್ಟು ಅವರ ಕೈಗೆ ಕೊಡಿ.


ಸೆಪ್ಟೆಂಬರ್ 16

ಬೈಂಡರ್ ಮಾಮನವರಿಗೆ,

ಎರಡು ಪುಟ್ಟ ಪುಸ್ತಕ ಕಳಿಸಿದ್ದೇನೆ. ಒಳಗೆ ಏನೂ ಅಚ್ಚಾಗಿಲ್ಲ, ಖಾಲಿ ಹಾಳೆ. ಹೊಲಿಗೆ, ಅಂಟು, ರಟ್ಟು ಎಲ್ಲ ನನ್ನದೇ. ಎರಡಕ್ಕೂ ಒಂದೇ ಕಾಗದ, ಒಂದೇ ಅಂಟು, ಒಂದೇ ಭಾರದ ಕೆಳಗೆ ಒಂದೇ ದಿನ ಒಣಗಿಸಿದ್ದು. ಒಂದು ನಿಮ್ಮ ಮಾತಿನ ಹಾಗೆ, ಒಂದು ಗೈಡಿನ ಹಾಗೆ. ಯಾವುದು ಯಾವುದೆಂದು ನಾನು ಬರೆಯುವುದಿಲ್ಲ.

ಮುಟ್ಟಿ ನೋಡಿ.

ಇಂತಿ,
ಗೈಡಮ್ಮ


ಸೆಪ್ಟೆಂಬರ್ 30

ಮಾಮ, ಅತ್ತೆ,

ಇದು ಬರೀ ಕಾರ್ಡು. ಪಾರ್ಸೆಲ್ ತಲುಪಿತೇ? ಪೋಸ್ಟಾಫೀಸಿನವರು ಐದು ದಿನದಲ್ಲಿ ತಲುಪುತ್ತದೆ ಎಂದಿದ್ದರು. ಇವತ್ತಿಗೆ ಹದಿನಾಲ್ಕು. ನಾನು ದಿನಕ್ಕೆ ಮೂರು ಸಲ ಹೋಗಿ ಕೇಳುತ್ತಿದ್ದೇನೆ. ಈಗ ಅವರು ನನ್ನನ್ನು ಕಂಡ ಕೂಡಲೇ ಕೌಂಟರ್ ಮುಚ್ಚುತ್ತಾರೆ.

ಇಲ್ಲಿ ಎಲ್ಲ ಕ್ಷೇಮ. (ಇದು ಅಭ್ಯಾಸದಿಂದ ಬಂದ ಸಾಲು. ಕ್ಷೇಮವಿಲ್ಲ.)

ಗೈಡಮ್ಮ


ಅಕ್ಟೋಬರ್ 11

ಗೈಡಮ್ಮನಿಗೆ,

ಇದು ನಾನು ಹೇಳ್ತಾ ಇರೋದು, ನಿಮ್ಮತ್ತೆ ಬರೀತಾ ಇರೋದು. ಒಂದೊಂದು ಸಾಲು ಬರೆದ ಮೇಲೂ ಓದಿ ಹೇಳು ಅಂತ ಷರತ್ತು ಹಾಕಿದೀನಿ. (ಹೌದು ಮಗೂ, ಜೀವ ತೆಗೀತಿದ್ದಾರೆ.) ಅದನ್ನ ಬರೀ ಅಂತ ನಾನು ಹೇಳಲಿಲ್ಲ.

ನಿನ್ನ ಪಾರ್ಸೆಲ್ ಅಂತೂ ಒಂದನೇ ತಾರೀಕು ಬಂದಾಗ ನಾನು ಹಲ್ಲುಜ್ಜುತ್ತಿದ್ದೆ. ಒದ್ದೆ ಕೈ ಒರೆಸಿಕೊಂಡು ಹಿಡಿದೆ. ಮೊದಲನೇದು ಕೈಯಲ್ಲಿ ಸುಮ್ಮನೆ ಮಲಗಿತು. ಎರಡನೇದರ ರಟ್ಟು ಹೆಬ್ಬೆರಳನ್ನೇ ಮೇಲಕ್ಕೆ ನೂಕಿತು. ಒಳಗಡೆ ಹಾಳೆ ತಿರುಗಿಸಿದರೆ ಅವೂ ನಿಗುರಿಕೊಂಡು ನಿಂತವು. ಎರಡು ನಿಮಿಷ ಸಾಕಾಯಿತು. ನಿಮ್ಮತ್ತೆಗೆ, "ಇದು ಗೈಡಿನದು. ಇದನ್ನ ಆ ಹುಡುಗಿ ಯಾಕೆ ಕಳಿಸಿದ್ಲು?" ಅಂದೆ. ಇವಳು ಪಾತ್ರೆ ತೊಳೆಯೋಕೆ ಹೋದಳು.

ಆಮೇಲೆ ನಾನೇ ಕೇಳಿದೆ. "ಅವತ್ತಿನ ಪತ್ರದ ಮೂರನೇ ಹಾಳೆ ಎಲ್ಲಿ?"

ಲಕೋಟೆ ನನ್ನ ಕೈಗೇ ಮೊದಲು ಬಂದಿತ್ತು ಕಣಮ್ಮ. ಮೂರು ಹಾಳೆ ಇತ್ತು. ಓದಿದ್ದು ಎರಡು. ಜೀವಮಾನ ಕಾಗದ ಎಣಿಸಿದ ಬೆರಳಿಗೆ ಅಷ್ಟೂ ಗೊತ್ತಾಗಲ್ವಾ? ಹೆಂಗಸರ ವಿಷಯ ಏನೋ ಇರ್ಬೇಕು, ಅತ್ತೆಗೇ ಅಂತ ಬರೆದಿರ್ಬೇಕು ಅಂತ ಸುಮ್ಮನಿದ್ದೆ. (ಒಂದೂವರೆ ತಿಂಗಳು ಸುಮ್ಮನಿದ್ದರು ಮಗೂ. ನಾನು ಬಚ್ಚಿಟ್ಟೆ ಅಂತ ಖುಷಿಯಾಗಿ ಓಡಾಡಿಕೊಂಡಿದ್ದೆ.) ಇವಳು ಅಕ್ಕಿ ಡಬ್ಬದಿಂದ ತೆಗೆದು ಓದಿದಳು. ಓದ್ತಾ ಓದ್ತಾ ಅತ್ತಳು. ನನಗೆ ಅಳು ಬರಲಿಲ್ಲ. ಸಿಟ್ಟು ಬಂತು. ಹತ್ತು ದಿನ ಉತ್ತರ ಬರೆಯದೇ ಇದ್ದಿದ್ದು ಅದಕ್ಕೆ.

ಆರು ಅಂಕಕ್ಕಲ್ಲ. ಕೆಲಸಕ್ಕೂ ಅಲ್ಲ. ನಾನು "ಬರೆದ್ಯಾ" ಅಂದಾಗ ನೀನು "ಹೂಂ" ಅಂದ್ಯಲ್ಲ, ಅದಕ್ಕೆ. ಕಣ್ಣಿಲ್ಲದವನಿಗೆ ಆ ಹೂಂ ಒಂದೇ ಆಧಾರ ಕಣಮ್ಮ. ಗೋಡೆ ಇದೆ ಅಂತ ಒರಗಿದ್ರೆ ಗೋಡೆ ಇರ್ಬೇಕು.

ಸಹಾಯ ಮಾಡೋಕೆ ಬರೋ ಒಳ್ಳೆಯವರ ಹತ್ರ ಇದೇ ಕಷ್ಟ. ಬೇಕಾದ್ದಕ್ಕಿಂತ ಒಂದು ಹಿಡಿ ಜಾಸ್ತಿ ಕೊಟ್ಟುಬಿಡ್ತಾರೆ. ರಸ್ತೆ ದಾಟಿಸಿ ಅಂದ್ರೆ ದಾಟಿಸಿ, ನಾನು ಎಲ್ಲಿಗೆ ಹೋಗ್ತಿದೀನಿ ಅಂತಾನೂ ಕೇಳದೆ ಬಸ್ ಹತ್ತಿಸಿಬಿಟ್ಟಿದ್ದಾರೆ ಒಂದು ಸಲ. ಮೂರು ಸ್ಟಾಪ್ ಆಚೆ ಹೋಗಿ ಇಳಿದು ವಾಪಸ್ ಬಂದೆ. ಅವರು ಮನೆಗೆ ಹೋಗಿ, ಇವತ್ತೊಂದು ಒಳ್ಳೇ ಕೆಲಸ ಮಾಡಿದೆ ಅಂತ ಹೇಳ್ಕೊಂಡಿರ್ತಾರೆ ಪಾಪ.

ಆದರೆ ಹತ್ತು ದಿನ ಯೋಚನೆ ಮಾಡಿದಾಗ ಇನ್ನೊಂದು ನೆನಪಾಯಿತು. ರಜೆಯಲ್ಲಿ ನೀನು ಆ ಸಾಲು ಓದಿದಾಗ ನಾನು ಸೂಜಿಗೆ ದಾರ ಪೋಣಿಸುತ್ತಿದ್ದೆ. ನನಗೆ ಕೇಳಿಸಿತ್ತು. ಹುಡುಗಿ ಕನ್ನಡ ತಡವರಿಸಿ ಓದ್ತಾಳೆ, ಏನೋ ತಪ್ಪು ಓದಿದಾಳೆ ಅಂದುಕೊಂಡೆ. ತಪ್ಪು ಅಂದ್ರೆ ನೀನು ಅರ್ಧ ಗಂಟೆ ಸಾರಿ ಸಾರಿ ಅಂತ ಕೂರ್ತೀಯ, ಯಾಕೆ ನೋಯಿಸೋದು ಅಂತ ಬಿಟ್ಟೆ. ಅವತ್ತೇ "ಏಯ್, ಇನ್ನೊಂದ್ಸಲ ಓದು" ಅಂದಿದ್ರೆ ಗೈಡಿನ ತಪ್ಪು ಅವತ್ತೇ ಗೊತ್ತಾಗ್ತಿತ್ತು. ನಾನು ನಿನ್ನನ್ನ ನೋಯಿಸಬಾರದು ಅಂತ, ನೀನು ನನಗೆ ಅಂಕ ಹೋಗಬಾರದು ಅಂತ, ಇವಳು ನನ್ನ ಮನಸ್ಸು ಕೆಡಬಾರದು ಅಂತ. ಮೂರು ಜನ ಸೇರಿ ಒಳ್ಳೇದೇ ಮಾಡಿದೀವಿ.

ಗೈಡನ್ನ ರದ್ದಿಗೆ ಹಾಕಿಲ್ಲ. ಬಿಸಿ ಪಾತ್ರೆ ಇಡೋಕೆ ಆಗುತ್ತೆ ಅಂತ ಇವಳು ಇಟ್ಕೊಂಡಿದಾಳೆ. ನಿನ್ನೆಯಿಂದ ಗ್ರಂಥಾಲಯಕ್ಕೆ ಹೋಗ್ತಿದೀನಿ. ನಾನಿಲ್ಲದಾಗ ಟೇಪ್ ಅಂಟಿಸಿ ಪುಸ್ತಕಗಳ ಮಾನ ಕಳೆದಿದ್ದಾರೆ.

ನೀನು ಕಳಿಸಿದ ಎರಡರಲ್ಲಿ ಚೆನ್ನಾಗಿರೋದರ ಹೊಲಿಗೆ ಮೂರನೇ ತೂತಿನಲ್ಲಿ ಸಡಿಲ ಇದೆ. ಅಂಟು ಪರವಾಗಿಲ್ಲ.

ಫಾರಂನಲ್ಲಿ ಬರೆಯುವವರ ಹೆಸರು ಅನ್ನೋ ಜಾಗದಲ್ಲಿ ನಿನ್ನ ಹೆಸರು ಹಾಕಿಸಿದೀನಿ. ಈ ಸಲ ಪ್ರತಿ ಉತ್ತರವನ್ನೂ ಬರೆದು ನನಗೆ ಓದಿ ಹೇಳ್ಬೇಕು. ಅಷ್ಟೇ.

ನಿನ್ನ ಮಾಮ
(ಇದರಲ್ಲಿ ಏನನ್ನೂ ಬಿಟ್ಟಿಲ್ಲ, ಸೇರಿಸಿದ್ದು ಕಂಸದೊಳಗಿದೆ. ಅತ್ತೆ)


ಅಕ್ಟೋಬರ್ 17

ಮಾಮ, ಅತ್ತೆ,

ನಿಮ್ಮ ಪತ್ರವನ್ನು ಪೋಸ್ಟಾಫೀಸಿನ ಮೆಟ್ಟಿಲ ಮೇಲೆ ಕೂತೇ ಓದಿದೆ. ಕೌಂಟರಿನವರು ಹೊರಗೆ ಬಂದು, "ಏನಮ್ಮಾ, ಒಳ್ಳೇ ಸುದ್ದೀನಾ ಕೆಟ್ಟದ್ದಾ?" ಎಂದು ಕೇಳಿದರು. ಗೊತ್ತಿಲ್ಲ ಸಾರ್ ಎಂದೆ. ಹೆಸರು ಹಾಕಿಸಿದೀನಿ ಎಂಬ ಸಾಲಿಗೆ ಬಂದಾಗ ಅತ್ತೆಯ ಅಕ್ಷರ ಕಾಣಿಸದಾಯಿತು.

ಮಾಮ, ಆ ಹೆಸರನ್ನು ತೆಗೆಸಬೇಕಾಗುತ್ತದೆ.

ನಿಮ್ಮ ಉತ್ತರ ಬರಲಿಲ್ಲ ಎಂದು ಅಕ್ಟೋಬರ್ ಎರಡರಂದು ನಾನು ತರಬೇತಿ ಶಾಲೆಗೂ ಗ್ರಂಥಾಲಯಕ್ಕೂ ಬರೆದುಬಿಟ್ಟೆ. ಹನ್ನೊಂದನೇ ಪ್ರಶ್ನೆ, ನೀವು ಹೇಳಿದ್ದು, ನಾನು ಬರೆದದ್ದು, ಎಲ್ಲ. ಐದು ಸಲ ಡ್ರಾಫ್ಟ್ ಮಾಡಿದೆ. ಅಭ್ಯರ್ಥಿಯ ತಪ್ಪು ಏನೂ ಇಲ್ಲ ಎಂಬ ವಾಕ್ಯದ ಕೆಳಗೆ ಗೆರೆ ಎಳೆದೆ. ಮೊನ್ನೆ ಎರಡೂ ಕಡೆಯಿಂದ ಉತ್ತರ ಬಂತು. ಮುಗಿದ ಪರೀಕ್ಷೆಯ ಅಂಕ ಬದಲಿಸಲು ಆಗುವುದಿಲ್ಲವಂತೆ. ಡಿಸೆಂಬರಿನ ಪರೀಕ್ಷೆಗೆ ನಿಮಗೆ ಯಾವ ಅಡ್ಡಿಯೂ ಇಲ್ಲವಂತೆ, ಅದನ್ನು ಎರಡು ಸಲ ಓದಿ ಖಾತ್ರಿ ಮಾಡಿಕೊಂಡೆ. ಬರೆದುಕೊಡುವವರ ಪಟ್ಟಿಯಿಂದ ನನ್ನ ಹೆಸರನ್ನು ಎರಡು ವರ್ಷ ತೆಗೆದಿದ್ದಾರೆ. ಅದು ಸರಿಯೇ. ನಿಮ್ಮ ಪತ್ರ ಮೊದಲೇ ಬಂದಿದ್ದರೆ ಆ ಪತ್ರ ಬರೆಯುತ್ತಿದ್ದೆನೇ ಎಂದು ನನ್ನನ್ನೇ ಕೇಳಿಕೊಂಡೆ. ಬರೆಯುತ್ತಿದ್ದೆ ಎಂದುಕೊಳ್ಳುತ್ತೇನೆ. ಹಂಡ್ರೆಡ್ ಪರ್ಸೆಂಟ್ ಗೊತ್ತಿಲ್ಲ.

ನಿಮಗೆ ಬರೆದುಕೊಡಲು ಗ್ರಂಥಾಲಯದವರು ರಿಟೈರ್ಡ್ ಗುಮಾಸ್ತರೊಬ್ಬರನ್ನು ಕೊಡುತ್ತಾರಂತೆ. ಚಿಕ್ಕಮ್ಮ ಹೋಗಿ ನೋಡಿ ಬಂದರು. ಅಕ್ಷರ ಅಚ್ಚಿನ ಹಾಗಿದೆಯಂತೆ. "ಅವರಿಗೆ ಬೈಂಡಿಂಗ್ ಬಗ್ಗೆ ಏನಾದ್ರೂ ಗೊತ್ತಾ?" ಎಂದು ನಾನು ಕೇಳಿದ್ದಕ್ಕೆ, "ಅದೊಂದು ಬಿಟ್ಟು ಪ್ರಪಂಚದ ಎಲ್ಲಾ ವಿಷಯ ಗೊತ್ತು, ಬಾಯಿ ಮುಚ್ಚಲ್ಲ" ಎಂದರು. ಪರೀಕ್ಷೆಗೆ ಇದಕ್ಕಿಂತ ಒಳ್ಳೆಯವರು ಸಿಗುವುದಿಲ್ಲ ಮಾಮ. ದಯವಿಟ್ಟು ಬೇಡ ಎನ್ನಬೇಡಿ.

ಇನ್ನೊಂದು ವಿಷಯವಿದೆ. ಎಷ್ಟು ಹೊತ್ತಿನಿಂದ ಸುತ್ತಿ ಬಳಸುತ್ತಿದ್ದೇನೆ.

ನವೆಂಬರ್ ಹದಿನಾಲ್ಕರಿಂದ ನಮಗೆ ಮೂರು ವಾರ ರಜೆ. ಪರೀಕ್ಷೆ ಬರೆಯುವ ಹಾಗಿಲ್ಲ ಸರಿ, ಆದರೆ ಓದಿ ಹೇಳಬಾರದು ಎಂದು ಯಾರೂ ಹೇಳಿಲ್ಲ. ಗೈಡ್ ಬೇಡ, ತರಬೇತಿ ಶಾಲೆಯದೇ ಪಾಠಪುಸ್ತಕ ನಮ್ಮ ಲೈಬ್ರರಿಯಲ್ಲಿದೆ, ತರುತ್ತೇನೆ. ತಪ್ಪು ಓದಿದೆ ಎನಿಸಿದರೆ ಜೋರಾಗಿ ಹೇಳಿ, ನಾನು ಸಾರಿ ಸಾರಿ ಎಂದರೂ ಬಿಡಬೇಡಿ. ಆ ಮೂರನೇ ತೂತಿನ ಹೊಲಿಗೆಯನ್ನೂ ಬಿಚ್ಚಿ ಹಾಕಿಸಿ.

ಚಿಕ್ಕಮ್ಮ ಆ ಹೊತ್ತಿಗೆ ಊರಲ್ಲಿರುವುದಿಲ್ಲ, ಮನೆಗೆ ಬೀಗ. ಅದಕ್ಕೇ ಕೇಳುತ್ತಿದ್ದೇನೆ. ನಿಮ್ಮ ಮನೆಯಲ್ಲಿ ಉಳಿಯಬಹುದೇ? ವರಾಂಡದಲ್ಲಿ ಬಟ್ಟೆ ಮಡಚುವ ಬೆಂಚಿನ ಮೇಲೆ ಮಲಗುತ್ತೇನೆ, ಬೆಳಗ್ಗೆ ಅತ್ತೆಗೆ ಶರ್ಟುಗಳಿಗೆ ನೀರು ಚಿಮುಕಿಸಿ ಕೊಡುತ್ತೇನೆ. ಇಷ್ಟು ವರ್ಷ ರಜೆ ಬಂದರೆ ಎಲ್ಲಿಗೆ ಕಳಿಸುತ್ತಾರೋ ಅಲ್ಲಿಗೆ ಹೋಗಿದ್ದೇನೆ. ಬರಲೇ ಎಂದು ನಾನಾಗಿ ಯಾರನ್ನೂ ಕೇಳಿದವಳಲ್ಲ. ಹೇಗೆ ಕೇಳಬೇಕೆಂದೂ ಗೊತ್ತಿಲ್ಲ, ಇದರಲ್ಲಿ ಹೆಚ್ಚುಕಡಿಮೆ ಇದ್ದರೆ ಸಾರಿ.

ರಜೆಗೆ ಎಲ್ಲಿಗೆ ಹೋಗುತ್ತೀರಿ, ಅಲ್ಲಿರುವವರು ನಿಮಗೆ ಏನಾಗಬೇಕು ಎಂದು ಹಾಸ್ಟೆಲ್ಲಿನವರು ಒಂದು ಫಾರಂ ಕೊಟ್ಟಿದ್ದಾರೆ. ಎರಡು ಜಾಗವನ್ನೂ ಖಾಲಿ ಬಿಟ್ಟಿದ್ದೇನೆ. ಮೂವತ್ತನೇ ತಾರೀಕಿನೊಳಗೆ ತುಂಬಿ ಕೊಡಬೇಕು. ಆಗುವುದಿಲ್ಲ ಎಂದಿದ್ದರೂ ಹಾಗೆಂದೇ ಬರೆಯಿರಿ, ಆದರೆ ಬೇಗ ಉತ್ತರ ಬರೆಯಿರಿ.

ಗೈಡಮ್ಮ